ಕೆರೆಯ ಹೆಪ್ಪು

ನಮ್ಮೂರಿನಲ್ಲಿ ಹೆಪ್ಪು ಕೇಳಲು ಬಂದವರಿಗೆ ಇಲ್ಲ ಅನ್ನುವ ರೂಢಿಯಿಲ್ಲ. ದೀಪ ಹಚ್ಚಿದ ಮೇಲೆ ಬಂದರೆ ನಾಳೆ ಬಾ ಎನ್ನಬಹುದು. ಗಡಿಗೆ ಖಾಲಿಯಿದ್ದರೆ ಬೋರಲು ಹಾಕಿ ತೋರಿಸಬಹುದು. ಇದ್ದೂ ಇಲ್ಲ ಎಂದವಳ ಮನೆಯಲ್ಲಿ ಮಾತ್ರ ಹಾಲು ಮತ್ತೆ ಮೊಸರಾಗುವುದಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದಳು. ಕೊಟ್ಟದ್ದು ಎಲ್ಲಿಗೂ ಹೋಗುವುದಿಲ್ಲ, ನಿನ್ನ ಗಡಿಗೆ ಒಡೆದ ದಿನ ಅವಳ ಗಡಿಗೆಯಿಂದ ತಿರುಗಿ ತರಬಹುದು, ಅಷ್ಟೇ ಲೆಕ್ಕ ಅಂತಿದ್ದಳು. ಅತ್ತೆ ಮೊಸರಿನ ಮಾತು ಹೇಳಿದ್ದು. ಊರಿನವರು ಅದೇ ಮಾತನ್ನು ಕೆರೆಗೂ ಹಿಡಿದರು.

ಕೆರೆ ಎಂದರೆ ನಮ್ಮಲ್ಲಿ ಗಟ್ಟಿ ಕೆರೆ. ಬ್ಯಾಸಗಿಯಲ್ಲಿ ಓಣಿಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಹತ್ತುವಾಗ, ಎರೆಹೊಲ ಬಾಯಿ ಬಿಟ್ಟು ಬಿದ್ದಿರುವಾಗ, ಊರ ನಡುವೆ ಅದೊಂದು ಮಾತ್ರ ನೀರೆಲ್ಲ ಬರ್ಫಾಗಿ ಬೆಳ್ಳಗೆ ಗಡ್ಡೆಗಟ್ಟಿಕೊಂಡು ಇರುತ್ತಿತ್ತು. ಏರಿಯ ಈಚೆ ಹೆಂಗಸರು ಸಂಡಿಗೆ ಒಣಹಾಕುತ್ತಿದ್ದರು. ಏರಿ ದಾಟಿ ಕೆಳಗಿಳಿಯುವಾಗ ಕಂಬಳಿ ಹೊದೆಯುತ್ತಿದ್ದರು. ಮೆಟ್ಟಿಲು ಜಾರಬಾರದೆಂದು ದಿನಕ್ಕೊಂದು ಮನೆಯವರು ಸರದಿಯ ಮೇಲೆ ಒಲೆಯ ಬೂದಿ ಚೆಲ್ಲಬೇಕು. ಹೊಸ ಸೊಸೆ ಗಡ್ಡೆಯ ಮೇಲೆ ಮೊದಲ ಸಲ ಬಿದ್ದರೆ ಗಂಡನ ಮನೆಯವರು ನಗಬೇಕು, ಎರಡನೆಯ ಸಲ ಬಿದ್ದರೆ ಕೈಹಿಡಿದು ಎಬ್ಬಿಸಬೇಕು. ನಾನು ನೀರಿನ ಕೆರೆಯ ಊರಿನಿಂದ ಬಂದವಳು. ಬಿದ್ದದ್ದೇ ಬಿದ್ದದ್ದು. ನಮ್ಮತ್ತೆ ನಕ್ಕೂ ನಕ್ಕು, ಎಬ್ಬಿಸಿಯೂ ಎಬ್ಬಿಸಿ ಸಾಕಾಗಿ, ನೀ ಏರಿ ಮ್ಯಾಲೇ ಕುಂದರವಾ ಎಂದು ಸೂಜಿ ದಾರ ಕೊಟ್ಟು ಕೂರಿಸಿದಳು. ಅಲ್ಲಿಂದ ನನ್ನ ಕಸುಬು ಶುರುವಾಯಿತು. ಬೆಳಗಿನಲ್ಲಿ ಖಾನಾವಳಿಗೆ ರೊಟ್ಟಿ ಬಡಿಯುವುದು, ಮಧ್ಯಾಹ್ನದಿಂದ ಆಟಗಾರರಿಗೆ ಹಳೆ ಬಟ್ಟೆಯ ಕೌದಿ ಹೊಲಿಯುವುದು. ಮೊಣಕಾಲಿಗೆ, ಎದೆಗೆ, ಗೋಲು ಕಾಯುವವರ ಪೂರ್ತಿ ಕಾಲಿಗೆ ದಪ್ಪ ಕೌದಿ ಕಟ್ಟದೆ ಯಾರೂ ಆಡಲಿಕ್ಕೆ ಇಳಿಯುತ್ತಿರಲಿಲ್ಲ.

ಆಟ ಎಂದರೆ ಮಂಜಿನ ಮೇಲಿನ ಹಾಕಿ. ಜಾಲಿಯ ಬಾಗುಕೋಲು, ಲಾರಿ ಟೈರಿನಿಂದ ಕೊಯ್ದ ಬಿಲ್ಲೆ, ಚಪ್ಪಲಿಯ ಕೆಳಗೆ ಕಮ್ಮಾರ ಹೊಡೆದುಕೊಟ್ಟ ಅಲಗು. ಸಂತೆಯ ದಿನ ಸಂಜೆ ಮೇಲೋಣಿಗೂ ಕೆಳಗೋಣಿಗೂ ಪಂದ್ಯ. ಅವತ್ತು ಬೀಗರು ಬೀಗರನ್ನು ಮಾತಾಡಿಸುತ್ತಿರಲಿಲ್ಲ. ಊರಿಗೆಲ್ಲ ಆಟ ಕಲಿಸಿದವರು ಬರಮಣ್ಣ ಮಾಸ್ತರು. ಕನ್ನಡ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವಾಗ ಸುಮ್ಮನಿರುತ್ತಿದ್ದ ಮನುಷ್ಯ, ಕೆರೆಗಿಳಿದರೆ ಬಾಯಿ ಮುಚ್ಚುತ್ತಿರಲಿಲ್ಲ. ಅವರದೊಂದು ತಿರುವು ಇತ್ತು. ಬಿಲ್ಲೆಯನ್ನು ಒತ್ತಿಕೊಂಡು ಗೋಲಿನ ತನಕ ಬಂದು, ಎದುರಿನವನಿಗೆ ಬೆನ್ನು ಕೊಟ್ಟು, ಇನ್ನೇನು ಬಿದ್ದರು ಎನ್ನುವಂತೆ ಒಂದು ಮೊಣಕಾಲು ಬಗ್ಗಿಸಿ, ಆ ಕಡೆಯಿಂದ ಎದ್ದು ಬಿಲ್ಲೆ ನೂಕುವುದು. ಅದಕ್ಕೆ ಬರಮಣ್ಣನ ತಿರುವು ಎಂದೇ ಹೆಸರು. ಜಗಳದಲ್ಲಿ ಮಾತು ತಿರುಗಿಸಿದವರಿಗೂ ನಮ್ಮ ಹೆಂಗಸರು ಅದನ್ನೇ ಅನ್ನುತ್ತಿದ್ದರು.

ಪ್ರತಿ ಮನೆಗೂ ಕೆರೆಯ ದಂಡೆಗೆ ಒಂದು ಹೆಜ್ಜೆಜಾಗ. ಆ ಮನೆಯ ಕೂಸು ಗಡ್ಡೆಯ ಮೇಲೆ ಮೊದಲ ಹೆಜ್ಜೆ ಇಡುವುದು ಅಲ್ಲಿಯೇ. ನನ್ನ ಮಗಳು ಶಿವಲೀಲಾ, ನಮಗೆಲ್ಲ ಲೀಲಿ, ನೆಲದ ಮೇಲೆ ನಡೆಯುವುದಕ್ಕಿಂತ ಮುಂಚೆ ಅಲ್ಲಿ ನಡೆದಳು. ಅವರಪ್ಪ ಕೈಬಿಟ್ಟು ಹಿಂದೆ ಸರಿದ, ನಾನು ಏರಿಯ ಮೇಲಿಂದ ಚೀರಿದೆ, ಅವಳು ಬೀಳದೆ ನಿಂತು ನನ್ನ ಕಡೆ ನೋಡಿ ನಕ್ಕಳು. ಮರುವರ್ಷ ಅವರಪ್ಪ ಜ್ವರ ಬಂದು ತೀರಿಕೊಂಡ. ಅವನ ನೆನಪಿಗೆ ಮನೆಯಲ್ಲಿ ಒಂದು ಫೋಟೊ ಕೂಡ ಇಲ್ಲ. ಆ ಹೆಜ್ಜೆಜಾಗ ಇತ್ತು.

ಕೆರೆಯ ಹೆಪ್ಪಿನ ಕ್ರಮ ಇದು. ಗಡ್ಡೆಯನ್ನು ಬರಿದೇ ಒಯ್ದರೆ ದಾರಿಯಲ್ಲೇ ನೀರಾಗುತ್ತದೆ. ಅದರ ಮೇಲೆ ನಡಿಗೆ ಕಲಿತವರೊಬ್ಬರು ಜೊತೆಗೆ ಹೋಗಿ ಅಲ್ಲೇ ಉಳಿಯಬೇಕು. ಆಗ ಎಂಥ ಬಿಸಿಲೂರಿನ ನೀರೂ ಗಡ್ಡೆಗಟ್ಟುತ್ತದೆ. ಹೋಗುವವರ ಹೆಜ್ಜೆಜಾಗದಿಂದಲೇ ಗಡ್ಡೆ ಕಡಿಯಬೇಕು, ಕಡಿದ ಜಾಗ ಮತ್ತೆ ಕೂಡುವುದಿಲ್ಲ. ಕಳಿಸಲು ಮನಸ್ಸಿಲ್ಲದ ತಾಯಿ ಮಗುವಿನ ಆಟದ ಕೋಲನ್ನು ಏರಿಯ ಮಣ್ಣಿನಲ್ಲಿ ನೆಟ್ಟು ಅರಿಷಿಣದ ದಾರ ಕಟ್ಟಬೇಕು. ಕೋಲು ನೆಟ್ಟವರನ್ನು ಯಾರೂ ಕೇಳುವಂತಿಲ್ಲ. ಕೀಳುವ ಹಕ್ಕು ಆ ಮಗುವಿಗೆ ಮಾತ್ರ.

ಮೊದಲು ಹೆಪ್ಪು ಕೇಳಿ ಬಂದವರು ಹೊಳೆಯಾಚೆಯ ಊರಿನವರು. ನಮ್ಮ ಪಂದ್ಯ ನೋಡಿ ಮರುಳಾಗಿ, ಗಡ್ಡೆ ಕರಗದಂತೆ ಮುಚ್ಚಲು ಟ್ರ್ಯಾಕ್ಟರಿನಲ್ಲಿ ಭತ್ತದ ಹೊಟ್ಟು ತುಂಬಿಕೊಂಡು ಬಂದು, ಏರಿಯ ಮೇಲೆ ಕೈಕಟ್ಟಿ ನಿಂತರು. ಗಾಣಿಗರ ಹಿರಿಮಗ ನಾ ಹೋಗ್ತೀನಿ ಎಂದ. ಊರಿಗೆ ಊರೇ ಹಲಗೆ ಬಾರಿಸಿಕೊಂಡು ಕಳಿಸಿಕೊಟ್ಟಿತು. ಮುಂದಿನ ಯುಗಾದಿಗೆ ಆ ಊರಿನ ಹುಡುಗರು ನಮ್ಮ ಕೆರೆಗೆ ಆಡಲು ಬಂದು, ಸೋತು ಸುಣ್ಣವಾಗಿ, ಹೋಳಿಗೆ ಉಂಡು ಹೋದರು. ಗಾಣಿಗರ ಹೆಜ್ಜೆಜಾಗದಲ್ಲಿ ಒಂದು ಚೌಕ ನೀರು ನಿಂತಿತು. ಅದರ ಮೇಲೆ ಮರದ ಹಲಗೆ ಮುಚ್ಚಿದೆವು. ಮದುವೆಯಾದ ಮಗಳ ಕೋಣೆಯ ಬಾಗಿಲು ಮುಚ್ಚಿದಷ್ಟೇ ಅನ್ನಿಸಿತು ಆಗ.

ಆಮೇಲೆ ಮಂಡಳಿ ಬಂತು. ಆಟವನ್ನು ದೊಡ್ಡ ದೊಡ್ಡ ಊರುಗಳಿಗೆ ಹಬ್ಬಿಸಿ, ಒಂದೊಂದು ಊರಿಗೂ ಸಂಬಳದ ತಂಡ ಕಟ್ಟಿ, ಟೀವಿಯಲ್ಲಿ ತೋರಿಸುವ ಮಂಡಳಿ. ಅದರ ಸಾಹೇಬ ಬೂಟು ಹಾಕಿಕೊಂಡೇ ಗಡ್ಡೆಯ ಮೇಲೆ ಕಾಲಿಟ್ಟು ಅಂಗಾತ ಬಿದ್ದ. ಹೊಸಬ ಎಂದು ಎಲ್ಲರೂ ನಕ್ಕೆವು. ಎರಡನೆಯ ಸಲ ಬಿದ್ದಾಗ ಬರಮಣ್ಣ ಮಾಸ್ತರೇ ಕೈಹಿಡಿದು ಎಬ್ಬಿಸಿದರು.

ಏರಿಯ ಮೇಲೆ ಜಮಖಾನೆ ಹಾಸಿ ಸಭೆ. ಸಾಹೇಬ ಎದ್ದು, "ನೋಡಿ, ಒಂದೇ ಊರಲ್ಲಿ ಇದ್ರೆ ಆಟ ಬೆಳೆಯಲ್ಲ. ಹೊಸ ಹೊಸ ಮಾರ್ಕೆಟ್ಟಿಗೆ ಹೋಗಬೇಕು. ಎಲ್ಲೆಲ್ಲಿ ಜನ ಇದ್ದಾರೋ ಅಲ್ಲೆಲ್ಲ ಹೋಗಬೇಕು," ಎಂದ.

"ಅಲ್ರೀ ಸಾಹೇಬ್ರ, ನೀವು ಹೇಳೋ ಊರಾಗ ಒಬ್ಬರಿಗೂ ಇದು ಗೊತ್ತಿಲ್ಲ. ಬ್ಯಾಡಂದೋರ ಬಾಯಾಗ ತುತ್ತು ಇಟ್ಟಂಗ ಆಗೂದಿಲ್ಲೇನು?" ಎಂದು ನಾನು ಹಿಂದಿನಿಂದ ಕೇಳಿದೆ.

"ರುಚಿ ಹತ್ತಿಸಬೇಕು ಅಕ್ಕಾರೇ."

"ರುಚಿ ಹತ್ತಿದ ಮ್ಯಾಲ ಗಡಿಗಿ ನಮ್ದು ತಳಾ ಕಾಣ್ತದ. ಒಂದು ಸೀರಿ ಹರದು ಹತ್ತು ಮಂದಿಗೆ ಉಡಸಿದ್ರ ಯಾರ ಮೈನೂ ಮುಚ್ಚೂದಿಲ್ರಿ."

ಹೆಂಗಸರು ನಕ್ಕರು. ಮಾಸ್ತರು ನಗಲಿಲ್ಲ. "ದುಂಡವ್ವಾ, ಸೀರಿ ಬ್ಯಾರೆ, ಹೆಪ್ಪು ಬ್ಯಾರೆ," ಎಂದರು. "ಒಂದೇ ಗಡಿಗ್ಯಾಗ ಇಟಕೊಂಡು ಕುಂತ್ರ ಮೊಸರು ಹುಳಿ ಆಗ್ತದ. ನಾ ಸತ್ರ ನನ್ನ ತಿರುವು ಈ ಏರಿ ದಾಟಬಾರದೇನು? ಯಾವ್ದೋ ಊರಾಗ ಒಂದು ಕೂಸು ಹುಟ್ಟೇ ಹುಟ್ಟಿರ್ತದ ತಂಗಿ, ಕಾಲಾಗ ಈ ಆಟ ಇಟಗೊಂಡು. ಅದಕ್ಕ ಬರ್ಫು ಒಂದು ಇರಂಗಿಲ್ಲ. ಅದು ಸಾಯೂತನಾ ತನಗೇನು ಬರ್ತಿತ್ತು ಅಂತ ತಿಳೀದ ಸಾಯ್ತದ. ಪಾಪ ಅಲ್ಲೇನು?"

ಮಾಸ್ತರು ಮೊದಲ ಗಡ್ಡೆಯನ್ನು ತಮ್ಮದೇ ಹೆಜ್ಜೆಜಾಗದಿಂದ ಕಡಿಸಿ, ತಮ್ಮ ಒಬ್ಬನೇ ಮಗ ನಿಂಗರಾಜನನ್ನು ಜೊತೆಗೆ ಕಳಿಸಿದರು. ಅವನಿಗೆ ಸಿಕ್ಕಿದ್ದು ಸಮುದ್ರದ ದಂಡೆಯ ದೊಡ್ಡ ಪಟ್ಟಣ. ಮಂಡಳಿಯವರು ಅಲ್ಲಿ ದೀಪಗಳ ಸುರಿಮಳೆ ಇರುವ ಅಂಗಳ ಕಟ್ಟಿಸಿದ್ದರು. ಪಂಚಾಯಿತಿಯ ಟೀವಿಯಲ್ಲಿ ನಿಂಗರಾಜನನ್ನು ಕಂಡು ಮಾಸ್ತರ ಹೆಂಡತಿ ಆರತಿ ಎತ್ತಿದಳು.

ಒಂದು ಊರಾದ ಮೇಲೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಪ್ರತಿ ಊರಿಗೂ ಒಂದು ಗಡ್ಡೆ, ಒಂದು ಜೀವ. ಹೋದವರೆಲ್ಲ ಗಟ್ಟಿ ಆಟಗಾರರೇ. ಹೆಪ್ಪಿಗೆ ಅಂತ ಯಾರಾದರೂ ಕೆನೆ ಇಲ್ಲದ್ದನ್ನು ಕೊಡುತ್ತಾರೆಯೇ? ಕೆರೆಯ ದಂಡೆಗೆ ಹಲಗೆಗಳು ಹೆಚ್ಚಾದವು. ಮೇಲೋಣಿಯಲ್ಲಿ ತಂಡ ಕೂಡದೆ ಕೆಳಗೋಣಿಯಿಂದ ಹುಡುಗರನ್ನು ಕಡ ತರಬೇಕಾಯಿತು. ಕಡ ತಂದವರ ಮೇಲೆ ಸಿಟ್ಟು ಎಲ್ಲಿ ಬರುತ್ತದೆ? ಸಂತೆಯ ಸಂಜೆ ಬೀಗರು ಬೀಗರನ್ನು ಮಾತಾಡಿಸತೊಡಗಿದರು. ಅವತ್ತೇ ನನಗೆ ಹೆದರಿಕೆಯಾಯಿತು.

ನಿಂಗರಾಜನ ಪಟ್ಟಣದಲ್ಲಿ ಆಡುವವರೆಲ್ಲ ಹೊರಗಿನಿಂದ ಬಂದವರು. ಅಲ್ಲಿನ ಮಕ್ಕಳು ಟಿಕೆಟು ತೆಗೆದು ಕುಳಿತು ನೋಡುವವರು. ಗಡ್ಡೆಯ ಮೇಲೆ ಒಂದು ಮಗುವೂ ಕಾಲಿಡಲಿಲ್ಲ. ನೋಡುವವರಿಗೆ ಬೇಸರ ಬಂದ ದಿನ ಮಂಡಳಿ ಅಂಗಳಕ್ಕೆ ಬೀಗ ಹಾಕಿ ತಂಡವನ್ನು ಬೇರೆ ಊರಿಗೆ ಎತ್ತಿಕೊಂಡು ಹೋಯಿತು. ಗಡ್ಡೆ ಸಿಮೆಂಟಿನ ಗುಂಡಿಯಲ್ಲಿ ನೀರಾಯಿತು. ಈಗ ಅದು ಕಲ್ಯಾಣ ಮಂಟಪ. ನಿಂಗರಾಜ ಊರಿಗೆ ಬರಲಿಲ್ಲ. ಅಪ್ಪನಿಗೆ ಮುಖ ತೋರಿಸಲಾಗದೆ ಅಲ್ಲೇ ಆಟೋ ಹೊಡೆಯುತ್ತಾನೆ ಎಂದು ಸುದ್ದಿ ಬಂತು. ಮಾಸ್ತರು ಉಳಿದ ಹುಡುಗರಿಗೆ ತಿರುವು ಕಲಿಸುವುದನ್ನು ಮಾತ್ರ ಬಿಡಲಿಲ್ಲ.

ಇಷ್ಟಾಗುವಾಗ ಲೀಲಿ ಗೋಲು ಕಾಯುವವಳಾಗಿ ಹೆಸರು ಮಾಡಿದ್ದಳು. ನಾನು ಅವಳ ಕೋಲನ್ನು ಎಂದೋ ನೆಟ್ಟಾಗಿತ್ತು. ಆಡಲಿಕ್ಕೆ ಬೇರೆ ಕೋಲು. ನೆಟ್ಟದ್ದು ಅವಳ ಮೊದಲ ಕೋಲು, ಅವರಪ್ಪ ಕೆತ್ತಿದ್ದು. ಮಳೆಗೆ ದಾರ ಬೆಳ್ಳಗಾದರೆ ಹೊಸ ದಾರ ಅದ್ದಿ ಕಟ್ಟುತ್ತಿದ್ದೆ. ಹೊರಗಿನಿಂದ ಯಾರು ಬಂದರೂ ಆ ಕೋಲನ್ನು ನೋಡಿ ನಮ್ಮ ಮನೆ ದಾಟಿ ಮುಂದೆ ಹೋಗುತ್ತಿದ್ದರು.

ಸುಣ್ಣದ ಭಟ್ಟಿಗಳ ಊರಿನವರು ಬಂದಾಗಲೂ ದಾಟಿ ಹೋದರು. ಅವರು ಮಂಡಳಿಯವರಲ್ಲ. ಮೈಮೇಲೆ, ರೆಪ್ಪೆಯ ಮೇಲೆ ಬಿಳಿ ಧೂಳು ಕೂತ ಜನ. ಊರಲ್ಲಿ ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ ನೀರು ನಿಂತಿದೆ, ಮಕ್ಕಳು ಭಟ್ಟಿಗೆ ಹೋಗಿ ಕಾಲು ಸುಟ್ಟುಕೊಳ್ಳುತ್ತವೆ, ಆಡಲಿಕ್ಕೊಂದು ಜಾಗ ಬೇಕು ಎಂದರು. ಉಳಿದಿದ್ದ ಕೆಲವು ಮನೆಗಳ ಬಾಗಿಲಿಗೆ ಹೋದರು. ಎಲ್ಲರೂ ಅಷ್ಟರಲ್ಲಿ ಕೋಲು ನೆಟ್ಟುಬಿಟ್ಟಿದ್ದರು. ಹೆಪ್ಪು ಕೇಳಿದವರನ್ನು ನಮ್ಮೂರು ಬರಿಗೈಲಿ ಕಳಿಸುವುದು ಅದೇ ಮೊದಲು ಎಂದು ಜನ ತಲೆ ತಗ್ಗಿಸಿ ಕೂತರು.

ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಲೀಲಿ ಒಳಗೆ ಬಂದು ಒಲೆಯ ಮುಂದೆ ಕೋಲನ್ನು ಇಟ್ಟಳು. ತುದಿಗೆ ಏರಿಯ ಹಸಿ ಮಣ್ಣು ಹತ್ತಿತ್ತು.

"ಯಾಕ ಕಿತ್ತಿದಿ?"

"ಬೈಬ್ಯಾಡ ಯವ್ವಾ."

"ಬೈಯೂದಿಲ್ಲ. ಯಾಕ ಕಿತ್ತಿದಿ ಹೇಳು."

ಅವಳು ಗೋಡೆಗೆ ಆತು ಕುಳಿತಳು. "ಇಲ್ಲಿ ನನಗ ಹೊಡ್ಯಾಕ ಯಾರದಾರ ಹೇಳು. ಮನ್ನಿ ಸಂತಿ ದಿನ ಪೂರಾ ಪಂದ್ಯಕ್ಕ ಒಂದು ಬಿಲ್ಲಿ ನನ್ನ ಕಡೆ ಬರಲಿಲ್ಲ. ಯಾರೂ ಹೊಡೀಲಾರದ ಗೋಲು ಕಾಯ್ಕೋತ ಎಷ್ಟು ವರ್ಷ ನಿಂದರ್ಲಿ?"

"ಅಲ್ಲಿ ಹೊಡ್ಯಾವ್ರು ಅದಾರೇನು? ಅವಕ್ಕ ಕೋಲು ಹಿಡ್ಯಾಕ ಬರಂಗಿಲ್ಲ."

"ನಾ ಕಲಸ್ತೀನಿ. ಕಲ್ತು ಹೊಡೀತಾವ."

"ನಿಮ್ಮಪ್ಪ ನಿನ್ನ ನಿಂದರಿಸಿದ ಜಾಗ ಅದು ಲೀಲೀ. ಅದನ್ನ ಕಡೀತಾರ."

ಅವಳಿಗೆ ಅಳು ಬಂತು, ತಡೆದುಕೊಂಡಳು. "ಗೊತ್ತೈತಿ. ಅದಕ್ಕ ಮೊದಲ ನಿನ್ನ ಮುಂದ ಇಟ್ಟೆ. ನೀ ಬ್ಯಾಡಂದ್ರ ತಿರುಗಿ ಹುಗೀತೀನಿ."

ಹುಗಿ ಎನ್ನಬಹುದಿತ್ತು. ತವೆಯ ಮೇಲಿನ ರೊಟ್ಟಿ ಸೀದುಹೋಗುವ ತನಕ ಕೂತೆ. ಕಿತ್ತ ಕೋಲನ್ನು ತಿರುಗಿ ಹುಗಿಸಿದರೆ ಅದು ಬರೀ ಕಟ್ಟಿಗೆ. ಟ್ರಂಕು ತೆಗೆದು ಅವಳ ಚಿಕ್ಕಂದಿನ ಲಂಗ, ಅವರಪ್ಪ ತಲೆಗೆ ಸುತ್ತುತ್ತಿದ್ದ ಪಟಗದ ತುಂಡು, ನಮ್ಮತ್ತೆಯ ಇರಕಲ್ಲ ಸೀರೆಯ ಸೆರಗು ಎಲ್ಲ ಸೇರಿಸಿ ಗಡ್ಡೆಗೆ ಸುತ್ತಲು ಒಂದು ಕೌದಿ ಹೊಲಿದೆ. ಗರಗಸ ಹಾಕಿ ಹೆಜ್ಜೆಜಾಗ ಕಡಿಯುವಾಗ ನಾನು ನೋಡಲಿಲ್ಲ. ಸದ್ದು ಕೇಳಿಸಿತು. ಕೌದಿ ಸುತ್ತಿದ ಗಡ್ಡೆಯ ಪಕ್ಕದಲ್ಲಿ, ಹೊಟ್ಟಿನ ಮೇಲೆ ಕುಳಿತು ಲೀಲಿ ಹೋದಳು.

ಆಮೇಲೆ ಕೆರೆ ಹೆಚ್ಚು ದಿನ ತಡೆಯಲಿಲ್ಲ. ದಂಡೆಯ ಚೌಕಗಳು ಒಂದಕ್ಕೊಂದು ಕೂಡಿಕೊಂಡವು, ನಡುವಿನ ಗಡ್ಡೆ ತೆಪ್ಪದಂತೆ ಅಲ್ಲಾಡತೊಡಗಿತು, ಒಂದು ಮಧ್ಯಾಹ್ನ ಅದೂ ಹೋಯಿತು. ಮೊದಲ ಮಳೆಗೆ ಕಪ್ಪೆ ಕೂಗಿದಾಗ ಊರಿನ ಮಕ್ಕಳು ಹೆದರಿ ತಾಯಂದಿರ ಸೆರಗಿನಲ್ಲಿ ಸೇರಿಕೊಂಡವು. ಅವು ಆ ಸದ್ದನ್ನೇ ಕೇಳಿರಲಿಲ್ಲ. ಎಮ್ಮೆಗಳು ಸಂತೋಷಪಟ್ಟವು. ಕಮ್ಮಾರ ಅಲಗುಗಳನ್ನು ಈಳಿಗೆ ಮಾಡಿಕೊಟ್ಟ. ನಾನು ಕಾಲಿನ ಕೌದಿಗಳನ್ನು ಬಿಚ್ಚಿ ಕೂಸುಗಳ ತೊಟ್ಟಿಲಿಗೆ ಹೊಲಿದೆ. ಸೊಳ್ಳೆ ಬಂದವು, ಮೀನು ಬಿಟ್ಟೆವು. ಮೆಟ್ಟಿಲ ಮೇಲೆ ಬೂದಿ ಚೆಲ್ಲುವ ಸರದಿ ಮಾತ್ರ ಹಾಗೆಯೇ ನಡೆಯಿತು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ.

ಮಾಸ್ತರು ಸೊರಗಿದರು. ಕೊನೆಗೆ ಏರಿಯ ಮೇಲೆ ಮತ್ತೆ ಜಮಖಾನೆ ಬಿತ್ತು. "ನಮ್ಮ ಗಡಿಗಿ ಒಡದೈತಿ. ಕೊಟ್ಟವರ ಮನ್ಯಾಗಿಂದ ತಿರುಗಿ ತರೂದು," ಎಂದರು ಅವರು. "ಸುಣ್ಣದೂರಾಗ ಬರ್ಫು ಬೇಷಿ ಕೂಡೈತೆಂತ. ದುಂಡವ್ವಾ, ನೀ ಹೋಗು. ಕೊಡೋರು ಅವರಾದ್ರೂ, ತರಾಕಿ ನಿನ್ನ ಮಗಳು. ಗಡ್ಡಿ ಜೋಡಿ ಅಕಿನ್ನೇ ಕರಕೊಂಡು ಬಾ."

ಕೆರೆಗಾಗಿ ಒಪ್ಪಿದೆ ಎಂದರೆ ಸುಳ್ಳಾಗುತ್ತದೆ. ಮಗಳನ್ನು ಕರೆದುಕೊಂಡು ಬಾ ಎಂದರಲ್ಲ, ಅದಕ್ಕೆ ಒಪ್ಪಿದೆ. ಹೊಟ್ಟು ತುಂಬಿದ ತಗಡಿನ ಡಬ್ಬಿ ಹೊತ್ತುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಮನೆಯಲ್ಲಿ ಅವಳ ಹಾಸಿಗೆ ಎಲ್ಲಿ ಹಾಸಲಿ ಎಂದೇ ಯೋಚನೆ.

ಸುಣ್ಣದೂರಿನಲ್ಲಿ ಮರದ ಎಲೆಗಳೂ ಬೆಳ್ಳಗಿದ್ದವು. ಕ್ವಾರಿಯ ಹತ್ತಿರ ಬರುತ್ತಿದ್ದಂತೆ ಅಲಗು ಗಡ್ಡೆಯನ್ನು ಗೀರುವ ಸದ್ದು ಕೇಳಿ ನನ್ನ ಕಾಲು ನಿಂತವು. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ. ಕೆಳಗೆ ಮಕ್ಕಳೋ ಮಕ್ಕಳು. ಭಟ್ಟಿಯ ಚೀಲ ಹರಿದು ಕಾಲಿಗೆ ಕಟ್ಟಿಕೊಂಡು, ಬೈದುಕೊಂಡು, ಬಿದ್ದು ಎದ್ದು ಆಡುತ್ತಿದ್ದವು. ಗೋಲಿನಲ್ಲಿ ಲೀಲಿ ನಿಂತಿದ್ದಳು. ಒಬ್ಬ ಹುಡುಗಿ, ಎರಡು ಜಡೆ, ಬಿಲ್ಲೆ ಒತ್ತಿಕೊಂಡು ನೇರ ಅವಳ ಮೇಲೆ ಬಂದು, ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ಆ ಕಡೆಯಿಂದ ಎದ್ದು ನೂಕಿದಳು. ಬಿಲ್ಲೆ ಲೀಲಿಯ ಕೋಲಿನ ಪಕ್ಕದಿಂದ ಒಳಗೆ ಹೋಯಿತು. ಲೀಲಿ ಕೋಲು ಎಸೆದು ಆ ಹುಡುಗಿಯನ್ನು ಎತ್ತಿ ತಿರುಗಿಸಿದಳು. ಗೋಲು ತಿಂದು ಯಾರಾದರೂ ಹಾಗೆ ನಗುವುದನ್ನು ನಾನು ನೋಡಿರಲಿಲ್ಲ.

ಆ ಹುಡುಗಿ ದುರ್ಗಿ. ಅವಳ ತಾಯಿ ಹುಲಿಗೆವ್ವ ಭಟ್ಟಿಯಲ್ಲಿ ಸುಣ್ಣ ತುಂಬುವವಳು. ಲೀಲಿ ಅವಳ ಮನೆಯ ಪಕ್ಕದಲ್ಲೇ ಇದ್ದಳು. ಹುಲಿಗೆವ್ವ ನನಗೆ ಕಾಲು ತೊಳೆಯಲು ನೀರು ಕೊಟ್ಟಳು. ಬೆರಳುಗಳು ಸುಣ್ಣ ತಿಂದು ಬಿರಿದಿದ್ದವು. "ಬರ್ರಿ ಅಕ್ಕಾರ. ನಿಮ್ಮ ಮಗಳು ಬಂದ ಮ್ಯಾಲ ನನ್ನ ಮಗಳು ಭಟ್ಟಿ ಕಡೆ ತಲಿ ಹಾಕಿಲ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ," ಎಂದಳು. ಊಟಕ್ಕೆ ಕೂತಾಗ ದುರ್ಗಿ ನನ್ನ ಕೈಚೀಲದೊಳಗೆ ಇಣುಕಿ, "ಆಯಿ, ನಿಮ್ಮೂರ ಕೆರಿ ನಮ್ಮ ಕ್ವಾರಿಗಿಂತ ದೊಡ್ಡದೇನು? ನಿಜ ಹೇಳ್ರಿ, ಲೀಲಕ್ಕ ಭಾಳ ಬಡಾಯಿ ಬಿಡ್ತಾಳ," ಎಂದಳು. ತಾಯಿ ಅವಳ ತಲೆಗೆ ಮೊಟಕಿದಳು.

ಲೀಲಿ ಒಬ್ಬಳೇ ಸಿಕ್ಕಾಗ ಡಬ್ಬಿ ತೋರಿಸಿದೆ. ಅವಳು ಮುಚ್ಚಳ ತೆಗೆದು ಹೊಟ್ಟಿನಲ್ಲಿ ಕೈಯಾಡಿಸಿದಳು.

"ನಾ ಬಂದ್ರ ಕೂಡಂಗಿಲ್ಲ ಯವ್ವಾ."

"ಯಾಕ?"

"ನಾ ನಡಿಗಿ ಕಲ್ತಿದ್ದು ನಮ್ಮ ಕೆರ್ಯಾಗ. ಈ ಬರ್ಫಿನ ಮ್ಯಾಲ ಅಲ್ಲ. ಇದರ ಹೆಪ್ಪು ಹೋಗಬೇಕಂದ್ರ ಇದರ ಮ್ಯಾಲ ಕಲ್ತ ಕೂಸೇ ಹೋಗಬೇಕು."

ಎಷ್ಟು ಸರಳ ಮಾತು. ಮೊಸರಿಗೆ ಯಾರು ತಂದರೂ ನಡೆಯುತ್ತದೆ, ಅದಕ್ಕೆ ಊರಿಗೆ ಊರೇ ಇದನ್ನು ಮರೆತು ಕೂತಿತ್ತು. ನಾನು ಹಾಸಿಗೆಯ ಜಾಗ ಹುಡುಕಿಕೊಂಡು ಬಂದಿದ್ದೆ.

"ದುರ್ಗಿ ಬರ್ತಾಳ," ಎಂದಳು ಲೀಲಿ ನೆಲ ನೋಡುತ್ತ. "ಕೇಳೂದೇ ತಡ, ಗಂಟು ಕಟ್ತಾಳ. ದೊಡ್ಡ ಕೆರಿ ನೋಡಬೇಕಂತ ಅಕಿಗೆ. ಅವರವ್ವನೂ ಇಲ್ಲ ಅನ್ನಂಗಿಲ್ಲ. ನಮ್ಮ ಋಣ ಐತಿ ಅಂತಾಳ. ಇಲ್ಲಿ ಬರ್ಫು ಉಳಸಾಕ ಇದರ ಮ್ಯಾಲ ಕಲ್ತ ಹುಡುಗೂರು ಈಗ ಸಾಕಷ್ಟು ಅದಾವ. ಅಕಿ ಅಲ್ಲಿ ಇದ್ರ ನಾನೂ ಬಂದು ಇರ್ತೀನಿ, ಕಲಸ್ತೀನಿ. ನೀ ಹೂಂ ಅಂದ್ರ ನಾಳೆ ಬೆಳಿಗ್ಗೆ ಕೇಳ್ತೀನಿ."

"ಹುಲಿಗೆವ್ವ ಕೋಲು ನೆಟ್ಟಾಳೇನು?"

ಲೀಲಿ ತಲೆ ಎತ್ತಿದಳು. "ಇಲ್ಲಿ ಹಂಗೆಲ್ಲ ಇಲ್ಲ ಯವ್ವಾ."

"ನೀ ಹೇಳಿಕೊಡ್ಲಿಲ್ಲೇನು?"

"ನಾ ಕಿತಕೊಂಡು ಬಂದಾಕಿ. ಹೆಂಗ ಹೇಳ್ಲಿ?"

ಗಡ್ಡೆ ಬಂದಿತ್ತು, ಆಟ ಬಂದಿತ್ತು, ತಿರುವು ಬಂದಿತ್ತು. ಕೋಲು ನೆಡುವುದು ಬಂದಿರಲಿಲ್ಲ. ಯಾರಾದರೂ ಹೆಪ್ಪು ಕೇಳಿ ಬಂದರೆ ಇಲ್ಲ ಎನ್ನಲು ಈ ಹೆಂಗಸಿಗೆ ಒಂದು ದಾರಿಯೂ ಇರಲಿಲ್ಲ. ಮೊದಲು ಕೇಳಲು ಬಂದವಳು ನಾನೇ.

ಬೆಳಿಗ್ಗೆ ಎದ್ದಾಗ ಹುಲಿಗೆವ್ವ ಮಗಳ ಜಡೆ ಹಾಕುತ್ತಿದ್ದಳು. ಬಿರಿದ ಬೆರಳಿಗೆ ಕೂದಲು ಸಿಕ್ಕಿಕೊಂಡು ದುರ್ಗಿ ಯಪ್ಪೋ ಎಂದು ಕೂಗುತ್ತಿದ್ದಳು. ಅವರನ್ನು ನೋಡುತ್ತ ಹೊಸ್ತಿಲಲ್ಲೇ ಕೂತೆ. ನಾನು ಹೂಂ ಅಂದರೆ ನನ್ನ ಮಗಳು ಮನೆಗೆ ಬರುತ್ತಾಳೆ. ಕೆರೆ ತುಂಬ ಗಡ್ಡೆ, ಏರಿಯ ತುಂಬ ಜನ. ನಾನು ಹೂಂ ಅಂದರೆ ಇವಳು ನಾಳೆಯಿಂದ ಜಡೆ ಹಾಕುವುದು ಯಾರಿಗೆ?

"ಹುಲಿಗೆವ್ವಾ, ಮನ್ಯಾಗ ಅರಿಷಿಣ ಐತೇನು?" ಎಂದೆ.

ಕ್ವಾರಿಯ ಅಂಚಿನ ಮಣ್ಣು ಗಟ್ಟಿ. ಗುಂಡಿ ತೋಡಲು ಹಾರೆ ಬೇಕಾಯಿತು. ದುರ್ಗಿಯ ಮೊದಲ ಕೋಲು, ಒಲೆಯ ಕಟ್ಟಿಗೆಯಿಂದ ಮಾಡಿದ ಮೋಟು ಕೋಲು, ಅದನ್ನು ತಾಯಿಯ ಕೈಯಿಂದಲೇ ನೆಡಿಸಿ, ದಾರ ಅದ್ದಿ ಕಟ್ಟಿಸಿದೆ. "ಇದು ಇರೂತನಾ ನಿನ್ನ ಮಗಳನ್ನ ಯಾರೂ ಕೇಳಬಾರದು. ದೊಡ್ಡ ಊರಿನ ಸಾಹೇಬ ಬಂದ್ರೂ ಕೇಳಬಾರದು, ಋಣ ಇದ್ದವರು ಬಂದ್ರೂ ಕೇಳಬಾರದು. ಕೀಳಾಕಿ ಅಕಿ ಒಬ್ಬಾಕಿ. ದಾರ ಬೆಳ್ಳಗಾದ್ರ ಹೊಸಾದು ಕಟ್ಟು," ಎಂದೆ.

ಹುಲಿಗೆವ್ವ ಕೋಲನ್ನೂ ನನ್ನನ್ನೂ ನೋಡಿದಳು. ಆಮೇಲೆ ನನ್ನ ಡಬ್ಬಿಯ ಕಡೆ ನೋಡಿದಳು. ಹೊಟ್ಟು ತುಂಬಿದ ಡಬ್ಬಿ ಹೊತ್ತು ದೂರದಿಂದ ಬಂದವರು ಯಾಕೆ ಬಂದಿರುತ್ತಾರೆ ಎಂದು ಯಾರಿಗೆ ತಿಳಿಯುವುದಿಲ್ಲ?

"ಅಕ್ಕಾರ, ನೀವು ಕೇಳಾಕ ಬಂದಿದ್ರೇನ್ರಿ?"

"ಇಲ್ಲವಾ. ಮಗಳನ್ನ ನೋಡಾಕ ಬಂದಿದ್ದೆ."

ಲೀಲಿ ನನ್ನ ಹಿಂದೆ ನಿಂತು ಅಳುತ್ತಿದ್ದಳು. ದುರ್ಗಿಗೆ ಸಿಟ್ಟು. "ನಾ ದೊಡ್ಡಾಕಿ ಆದ ಮ್ಯಾಲ ಕಿತ್ತೇ ಕೀಳ್ತೀನಿ ನೋಡು ಆಯಿ," ಎಂದಳು. "ಕೀಳವಾ," ಎಂದೆ. "ಆದ್ರ ಮೊದಲ ನಿಮ್ಮವ್ವನ ಮುಂದ ತಂದು ಇಡು."

ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದೆಂದು ಹುಲಿಗೆವ್ವ ಹೊಟ್ಟು ಸುರಿದು, ಒಳಗೆ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಇಟ್ಟಳು. ಬಸ್ಸು ಹೊರಟಾಗ ಲೀಲಿ ಕಿಟಕಿಯ ಪಕ್ಕ ಸ್ವಲ್ಪ ದೂರ ಓಡಿ ಬಂದಳು. ನೆಲದ ಮೇಲೆ ಅವಳಿಗೆ ಓಡಲಿಕ್ಕೆ ಅಷ್ಟು ಬರುವುದಿಲ್ಲ, ಚಿಕ್ಕಂದಿನಿಂದಲೂ.

ಊರಿನಲ್ಲಿ ಏರಿಯ ಮೇಲೆ ಜನ ಕಾಯುತ್ತಿದ್ದರು. ನಾನು ಒಬ್ಬಳೇ ಇಳಿದದ್ದು ಕಂಡು ಕೆಲವರು ಎದ್ದು ಹೋದರು. ಕೆಲವರು ಎರಡು ಮಾತು ಅಂದು ಹೋದರು, ಅನ್ನಲಿ. ಮಾಸ್ತರು ಕೆಳಗಿನ ಮೆಟ್ಟಿಲಲ್ಲಿ ನೀರಿನಲ್ಲಿ ಕಾಲು ಬಿಟ್ಟುಕೊಂಡು ಕೂತಿದ್ದರು. ಡಬ್ಬಿಯನ್ನು ಪಕ್ಕದಲ್ಲಿಟ್ಟು ಕೂತೆ. ಅವರು ಬೆರಳಿಂದ ಅದನ್ನು ಬಡಿದು ನೋಡಿದರು.

"ಬರ್ಫು ಇಲ್ಲ."

"ಕೇಳಲಿಲ್ರಿ ಮಾಸ್ತರ."

ಒಂದು ಎಮ್ಮೆ ನೀರಿಗಿಳಿದು, ಉಸ್ಸೆಂದು ಕೂತಿತು. ನಾನು ರೊಟ್ಟಿ ಮುರಿದು ಅವರ ಕೈಗೆ ಕೊಟ್ಟೆ. ತಿನ್ನಲಿಲ್ಲ, ಹಿಡಿದುಕೊಂಡರು.

"ಹುಡುಗೂರು ಆಡ್ತಾವೇನು ಅಲ್ಲಿ? ಖರೇನ ಆಡ್ತಾವೋ, ಕುಂತು ನೋಡ್ತಾವೋ?"

"ಬಿದ್ದು ಹಲ್ಲು ಮುರಕೊಂಡು ಆಡ್ತಾವ್ರಿ. ನಮ್ಮ ಕೆಳಗೋಣ್ಯಾವರಂಗ ಬೈಯ್ತಾವ."

ಅವರ ಮುಖ ಒಂದಿಷ್ಟು ಸಡಿಲವಾಯಿತು. "ನನ್ನ ತಿರುವು?"

"ಹಾಕ್ತಾಳ್ರಿ ಒಬ್ಬಾಕಿ. ಲೀಲಿ ಮ್ಯಾಲೇ ಗೋಲು ಹಾಕಿದ್ಲು, ನನ್ನ ಕಣ್ಣ ಮುಂದ." ಹೇಳಲೋ ಬೇಡವೋ ಎಂದು ತಡೆದು, ಹೇಳಿದೆ. "ಅಲ್ಲಿ ಅದಕ್ಕ ದುರ್ಗಿ ತಿರುವು ಅಂತಾರ್ರಿ. ಆ ಹುಡುಗೀ ಹೆಸರು."

ಮಾಸ್ತರು ನೀರಿನಿಂದ ಕಾಲು ಎತ್ತಿ ಮೆಟ್ಟಿಲ ಮೇಲಿಟ್ಟರು. ಇವರ ಜೀವಕ್ಕೆ ಇದ್ದದ್ದೊಂದು, ಅದನ್ನೂ ಕಿತ್ತುಕೊಂಡೆನಲ್ಲ ಎನಿಸಿತು.

"ಮಣಕಾಲು ಬರ್ಫಿಗೆ ತಾಗಸ್ತಾಳೇನು ಅಕಿ?" ಎಂದರು ಕೊನೆಗೆ.

ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. "ತಾಗಸಂಗಿಲ್ರಿ. ಒಂದು ಎಳಿ ಬಿಟ್ಟು ತಿರಗ್ತಾಳ."

ಅವರು ಧೋತರ ಸರಿಸಿ ಮೊಣಕಾಲಿನ ಹಳೆಯ ಕಲೆಯ ಮೇಲೆ ಕೈಯಾಡಿಸಿದರು. "ನಂದು ತಾಗತಿತ್ತು," ಎಂದರು. "ಆಡೂತನಾ ತಾಗತಿತ್ತು, ತಂಗಿ." ಆಮೇಲೆ ರೊಟ್ಟಿಯನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿಯತೊಡಗಿದರು.

ಮರುದಿನ ಬೂದಿಯ ಸರದಿ ನಮ್ಮ ಮನೆಯದು. ಹೋಗಿ ಚೆಲ್ಲಿ ಬಂದೆ.